ಕೊಟ್ಟಿಗೆಯಲ್ಲಿ ನಿಂತ ಫಿಯೆಟ್ 1100, ಪದ್ಮಿನಿ: ಮಲೆನಾಡಿನಲ್ಲಿ ಕೊಳ್ಳುವ ಮುನ್ನ

ಶಿವಮೊಗ್ಗದಿಂದ ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪದ ಕಡೆಗೆ ಹಳೆಯ ಕಾರು ಹುಡುಕಿಕೊಂಡು ಹೊರಟರೆ ಅಡಿಕೆ ಮನೆಗಳ ಕೊಟ್ಟಿಗೆ ಪಕ್ಕ, ಸೋಗೆ ಮಾಡಿನ ಕೆಳಗೆ ಕಾಣುವುದು ಹೆಚ್ಚಾಗಿ ಎರಡೇ: ಫಿಯೆಟ್ ಇಲ್ಲವೇ ಅಂಬಾಸಿಡರ್. ಇಲ್ಲಿ ನೋಡುತ್ತಿರುವುದು ಫಿಯೆಟ್. 1964ರಿಂದ ಬಂದ 1100 ಡಿಲೈಟ್, 1972ರ ಪ್ರೀಮಿಯರ್ ಪ್ರೆಸಿಡೆಂಟ್, 1974ರಿಂದ ಪದ್ಮಿನಿ, ಮೂರೂ ಮುಂಬೈ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಹುಟ್ಟಿದ ಒಂದೇ ಮೈಕಟ್ಟಿನ ಅಕ್ಕತಂಗಿಯರು.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಸರಿಮಾಡಿಸಿ ಮನೆಯಲ್ಲಿಟ್ಟುಕೊಳ್ಳಲು ಮಲೆನಾಡಿನಲ್ಲಿ ಇದಕ್ಕಿಂತ ಅನುಕೂಲದ ಬಲಗಡೆ ಸ್ಟೀರಿಂಗಿನ ಹಳೆ ಕಾರು ಇನ್ನೊಂದಿಲ್ಲ. ಆದರೆ ತಗಡು ಗಟ್ಟಿ ಇರಬೇಕು, ಕಾಗದಪತ್ರ ಸರಿ ಇರಬೇಕು. ಇವೆರಡಿದ್ದರೆ ಎಂಜಿನ್ ಜಾಮ್ ಆಗಿ ನಿಂತಿದ್ದರೂ ಧೈರ್ಯವಾಗಿ ಮುಂದುವರಿಯಬಹುದು. ಮಾರುವವರ ಮಾತು ಇದಕ್ಕೆ ಉಲ್ಟಾ ಇರುತ್ತದೆ: ‘ಎಂಜಿನ್ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗತ್ತೆ, ಕೆಳಗೆ ಸ್ವಲ್ಪ ತುಕ್ಕು ಇದೆ ಅಷ್ಟೆ.’ ಆ ‘ಸ್ವಲ್ಪ ತುಕ್ಕು’ ಎಂಬಲ್ಲೇ ಲಕ್ಷ ರೂಪಾಯಿ ಕೂತಿರುತ್ತದೆ.

ಕಾರಿನ ಪರಿಚಯ ಚುಟುಕಾಗಿ. 1089 ಸಿಸಿ, ನಾಲ್ಕು ಸಿಲಿಂಡರ್, 68 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್. ಬ್ಲಾಕ್ ಬೀಡುಕಬ್ಬಿಣ, ಹೆಡ್ ಅಲ್ಯೂಮಿನಿಯಂ. ನಾಲ್ಕು ಗೇರು, ಬಹುಪಾಲು ಕಾರುಗಳಲ್ಲಿ ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರ್. ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಪಟ್ಟಿ ಸ್ಪ್ರಿಂಗ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ತೂಕ ಹೆಚ್ಚುಕಡಿಮೆ 900 ಕಿಲೋ. ಇಲ್ಲಿ ನೆನಪಿಡಬೇಕಾದ ಮುಖ್ಯ ಸಂಗತಿ ಒಂದು: ಜೀಪಿನ ಹಾಗೆ ಇದಕ್ಕೆ ಬೇರೆ ಚಾಸಿಸ್ ಇಲ್ಲ. ಮೈ ತಗಡೇ ಬೆನ್ನೆಲುಬು. ಜೀಪಿನ ಬಾಡಿ ಕೊಳೆತರೆ ಬಿಚ್ಚಿ ಬೇರೆ ಕೂರಿಸಬಹುದು. ಫಿಯೆಟ್ಟಿನ ಬಾಗಿಲ ಕೆಳಗಿನ ಪೆಟ್ಟಿಗೆಯಂಥ ತಗಡು, ಅಂದರೆ ಸಿಲ್, ಕೊಳೆತರೆ ಕಾರಿನ ನಡುವೇ ಮುರಿದ ಹಾಗೆ.

ತಗಡು

ಮಲೆನಾಡಿನ ತುಕ್ಕು ಬಯಲುಸೀಮೆಯ ತುಕ್ಕಿನಂತಲ್ಲ. ಬಯಲುಸೀಮೆಯಲ್ಲಿ ಬಣ್ಣ ಸುಟ್ಟು ಮೇಲ್ಭಾಗ ಹಾಳಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು. ಮಣ್ಣಿನ ನೆಲದ ಕೊಟ್ಟಿಗೆಯಲ್ಲಿ ತಂಪು ಕೆಳಗಿನಿಂದ ಏರಿ ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ಹಪ್ಪಳ. ಮೇಲೆ ಮಾಡು ಇದ್ದರೆ ಸಾಲದು, ನೆಲ ಎಂಥದು ಎಂದು ನೋಡಿ. ಗಾರೆ ನೆಲದ ಮೇಲೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ ಕಾರಿಗೂ ಮಣ್ಣಿನಲ್ಲಿ ಟಯರ್ ಹೂತುಹೋದ ಕಾರಿಗೂ ಬೆಲೆಯಲ್ಲಿ ಅಜಗಜಾಂತರ ಇರಬೇಕು. ದನದ ಕೊಟ್ಟಿಗೆಯ ಪಕ್ಕದಲ್ಲೇ ನಿಂತಿದ್ದರೆ ಇನ್ನೂ ಎಚ್ಚರ: ಗಂಜಲದ ಉಪ್ಪು ತಗಡಿಗೆ ಶತ್ರು, ಅಮೋನಿಯಾ ಹಿತ್ತಾಳೆ ತಾಮ್ರಕ್ಕೆ.

ನೋಡಲು ಹೋಗುವಾಗ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಮೊಂಡು ಸ್ಕ್ರೂಡ್ರೈವರ್, ಟಾರ್ಚು, ಜಾಕು, ಎರಡು ಸ್ಟ್ಯಾಂಡು, ಮಲಗಲು ಗೋಣಿಚೀಲ ಜೊತೆಗಿರಲಿ. ಅಯಸ್ಕಾಂತವನ್ನು ಬಾಗಿಲ ಕೆಳಭಾಗ, ಚಕ್ರದ ಕಮಾನು, ಹೆಡ್‌ಲೈಟ್ ಸುತ್ತ ಆಡಿಸಿ. ಹಿಡಿತ ಸಡಿಲವಾದಲ್ಲಿ ಪುಟ್ಟಿ ಮೆತ್ತಿದೆ ಎಂದರ್ಥ. ಒಂದೆರಡು ಮಿ.ಮೀ. ಪುಟ್ಟಿ ಹಳೆ ಕಾರಿಗೆ ತಪ್ಪಲ್ಲ. ಅಯಸ್ಕಾಂತ ಜಾರಿ ಬಿದ್ದೇಹೋದರೆ ಅಲ್ಲಿ ತಗಡೇ ಇಲ್ಲ, ಫೈಬರ್ ಬಟ್ಟೆಯೋ ಸಿಮೆಂಟಿನಂಥ ಪುಟ್ಟಿಯೋ ಇದೆ.

ಆಮೇಲೆ ಸಿಲ್. ಕಾರಿನ ಪಕ್ಕ ಮಂಡಿಯೂರಿ ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ಕುಟ್ಟುತ್ತ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಒಣ ಅಡಿಕೆ ಹಾಳೆ ಬಡಿದಂತೆ ಡಬ್ ಎನ್ನುತ್ತದೆ. ಸಿಲ್ ಮತ್ತು ನೆಲ ಸೇರುವ ಅಂಚನ್ನು ತುದಿಯಿಂದ ಒತ್ತಿ. ಹೊರಗಿನ ತಗಡು ಹೊಸದಾಗಿ ಕಂಡರೂ ಒಳಗಿನ ಪದರ ಹೋಗಿರಬಹುದು, ಅದಕ್ಕೆ ಕಾರ್ಪೆಟ್ ಎತ್ತಿ ಒಳಬದಿಯಿಂದಲೂ ನೋಡಲೇಬೇಕು. ಮಾಲೀಕರನ್ನು ಕೇಳಿಯೇ ಒತ್ತಿ, ತೂತಾದರೆ ಜಗಳ ಬೇಡ.

ಕೊನೆಯ ಪರೀಕ್ಷೆ ಬಾಗಿಲಿನದು. ಕಾರು ನೆಲದ ಮೇಲಿರುವಾಗ ಬಾಗಿಲು ಮುಚ್ಚಿ ಸುತ್ತಲಿನ ಸಂದನ್ನು ನೋಡಿಕೊಳ್ಳಿ. ಸಿಲ್ ನಡುವಿನಲ್ಲಿ ದಪ್ಪ ಮರದ ತುಂಡು ಕೊಟ್ಟು ಜಾಕಿನಿಂದ ಮೆಲ್ಲಗೆ ಎತ್ತಿ. ಸಂದು ಮೊದಲಿನಷ್ಟೇ ಇದ್ದರೆ ಬೆನ್ನೆಲುಬು ಸರಿಯಿದೆ. ಬಾಗಿಲ ಮೇಲ್ತುದಿಯಲ್ಲಿ ಸಂದು ಅಗಲವಾಯಿತೋ, ಬಾಗಿಲು ಬಿಗಿಯಾಗಿ ತೆರೆಯಲಾರದೆ ಹೋಯಿತೋ, ಮೈ ಬಗ್ಗುತ್ತಿದೆ. ಮರದ ತುಂಡೇ ತಗಡಿನೊಳಗೆ ಇಳಿದರೆ ಅಲ್ಲಿಗೆ ನಿಲ್ಲಿಸಿ, ಬಿಡಿಭಾಗದ ಕಾರೆಂದು ಮಾತ್ರ ಬೆಲೆ ಮಾತಾಡಿ.

ಉಳಿದ ಜಾಗಗಳು: ಡಿಕ್ಕಿಯ ನೆಲ ಮತ್ತು ಸ್ಟೆಪ್ನಿ ಕೂರುವ ಮೂಲೆ, ಮುಂಗಾಜಿನ ರಬ್ಬರಿನ ಕೆಳಗಿನ ತೋಡು, ಬ್ಯಾಟರಿ ತಟ್ಟೆ, ಪಟ್ಟಿ ಸ್ಪ್ರಿಂಗಿನ ಮುಂದಿನ ಕೊಂಡಿ ಸಿಕ್ಕಿಸಿದ ಜಾಗ. ಈ ಕೊನೆಯದು ಅಪಾಯದ್ದು; ಅದು ಕಿತ್ತರೆ ಓಡುತ್ತಿರುವಾಗಲೇ ಹಿಂದಿನ ಆಕ್ಸಲ್ ಓರೆಯಾಗುತ್ತದೆ. ಬಾಗಿಲ ಕೆಳಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿವೆ. ಅಡಿಕೆ ಸಿಪ್ಪೆಯ ನಾರು, ಧೂಳು, ಕಣಜದ ಮಣ್ಣಿನ ಗೂಡು ಸೇರಿ ಅವು ಕಟ್ಟಿಕೊಂಡು, ಗಾಜಿನ ಸಂದಿಯಿಂದ ಇಳಿದ ನೀರು ಒಳಗೇ ನಿಲ್ಲುತ್ತದೆ. ಬಾಗಿಲು ಅಲ್ಲಾಡಿಸಿದಾಗ ಕುಲುಕುವ ಸದ್ದು ಬಂದರೆ ಕೆಳಗಿನ ಮೂರು ನಾಲ್ಕು ಅಂಗುಲ ಹೊಸ ತಗಡು ಖಚಿತ.

ದುರಸ್ತಿಗೆ 20 ಗೇಜ್ ಸಿಆರ್ (ಕೋಲ್ಡ್ ರೋಲ್ಡ್) ತಗಡು ಸಾಕು, ಹೊರೆ ಹೊರುವಲ್ಲಿ 18 ಗೇಜ್. ಸಿಲ್ ಕತ್ತರಿಸುವ ಮುನ್ನ ಬಾಗಿಲ ಚೌಕಟ್ಟಿನೊಳಗೆ 25 ಮಿ.ಮೀ. ಚೌಕ ಪೈಪನ್ನು ಅಡ್ಡಕ್ಕೂ ಓರೆಗೂ ವೆಲ್ಡ್ ಮಾಡಿ ಬಿಗಿಸಬೇಕು, ಒಂದು ಬದಿ ಪೂರ್ತಿ ಮುಗಿಸಿದ ಮೇಲಷ್ಟೇ ಇನ್ನೊಂದು ಬದಿ ಕತ್ತರಿಸಬೇಕು. ಎರಡೂ ಬದಿ ಒಟ್ಟಿಗೆ ಕತ್ತರಿಸಿದರೆ ಕಾರು ಬಾಳೆಲೆಯಂತೆ ಜೋತು, ಮತ್ತೆಂದೂ ಬಾಗಿಲು ಸರಿ ಕೂರುವುದಿಲ್ಲ. ಶಿವಮೊಗ್ಗ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಂಥ ಕಡೆ ಟಿಂಕರಿಂಗ್ ಒಪ್ಪಿಸುವಾಗ ‘ಸಿಲ್ ಹೇಗೆ ಬದಲಾಯಿಸುತ್ತೀರಿ’ ಎಂದು ಕೇಳಿ. ಪೈಪ್ ಬಿಗಿಸುವ ಮಾತು ಅವರಾಗಿಯೇ ತೆಗೆದರೆ ಕೆಲಸ ಬಲ್ಲವರು. ಗ್ಯಾಸಿನ ಬದಲು ಮಿಗ್ ವೆಲ್ಡಿಂಗ್ ಇದ್ದರೆ ತೆಳು ತಗಡು ಅಲೆಯಲೆಯಾಗುವುದು ಕಡಿಮೆ.

ತುಕ್ಕಿಗೆ ಹಚ್ಚುವ ಕನ್ವರ್ಟರ್ ಬಗ್ಗೆ ಒಂದು ಮಾತು. ಅಡಿಕೆ ಬೇಯಿಸಿದ ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುವುದನ್ನು ಇಲ್ಲಿನವರಿಗೆ ಹೇಳಿಕೊಡಬೇಕಿಲ್ಲ. ಎಷ್ಟೋ ರಸ್ಟ್ ಕನ್ವರ್ಟರ್‌ಗಳು ಕೆಲಸ ಮಾಡುವುದೂ ಹೀಗೆಯೇ: ಅದರ ಟ್ಯಾನಿನ್ ಕೆಂಪು ತುಕ್ಕಿನ ಜೊತೆ ಸೇರಿ ಕಪ್ಪು ಪದರವಾಗುತ್ತದೆ. ಹಾಗೆಂದು ಚೊಗರನ್ನೇ ಬಳಿಯಬೇಡಿ, ಅದರಲ್ಲಿ ಅಂಟು, ಸಕ್ಕರೆ, ಕಸ ಎಲ್ಲ ಇರುತ್ತದೆ. ಕನ್ವರ್ಟರ್ ಕೂಡ ಮೇಲ್ಮೈ ತುಕ್ಕಿಗೆ ಮಾತ್ರ. ಸ್ಕ್ರೂಡ್ರೈವರ್ ಒಳಹೊಕ್ಕ ತಗಡಿಗೆ ಕತ್ತರಿಸುವುದೊಂದೇ ದಾರಿ.

ಎಂಜಿನ್, ಗೇರು, ಬ್ರೇಕು

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ನೇರವಾಗಿ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯಬಾರದು. ಅಂಟಿದ ರಿಂಗ್ ಮುರಿದು ಬೋರಿಗೆ ಗೀರು ಬೀಳುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ 20ರಿಂದ 25 ಮಿ.ಲೀ. ಡೀಸೆಲ್ ಮತ್ತು ಎಂಜಿನ್ ಆಯಿಲ್ ಸಮಪಾಲು ಬೆರೆಸಿ ಹಾಕಿ, ಎರಡು ದಿನ ಬಿಟ್ಟು, ಪುಲ್ಲಿ ನಟ್ಟಿಗೆ ಪಾನಾ ಕೊಟ್ಟು ಕೈಯಿಂದ ತಿರುಗಿಸಬೇಕು. ತಿರುಗಿದರೆ ಸರಿ, ತಿರುಗದಿದ್ದರೆ ಬಲ ಬಳಸದೆ ಮತ್ತೆರಡು ದಿನ ಕಾಯಿರಿ.

ಓಡುವ ಎಂಜಿನ್ನಾದರೆ ಬಿಸಿ ಮಾಡಿ, ಎಲ್ಲ ಪ್ಲಗ್ ತೆಗೆದು, ಆಕ್ಸಲರೇಟರ್ ಪೂರ್ತಿ ಒತ್ತಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಮೀಟರಿಟ್ಟು ನೋಡಿ. ನಾಲ್ಕೂ ಸಿಲಿಂಡರ್ ನೂರು ಪಿಎಸ್‌ಐ ಮೇಲೆ, ಒಂದಕ್ಕೊಂದು ಹತ್ತಿರ ಇದ್ದರೆ ಚಿಂತೆಯಿಲ್ಲ. ಒಂದು ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ನೋಡಿ: ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಒಟ್ಟಿಗೆ ಕಡಿಮೆ ಬಂದರೆ ಹೆಡ್ ಗ್ಯಾಸ್ಕೆಟ್. ಬರೀ ಬಾವಿ ನೀರು ಹಾಕಿ ಓಡಿಸಿದ ಕಾರುಗಳಲ್ಲಿ ಅಲ್ಯೂಮಿನಿಯಂ ಹೆಡ್ಡಿನ ನೀರಿನ ತೂತುಗಳ ಸುತ್ತ ತಿಂದುಹೋಗಿರುತ್ತದೆ. ರೇಡಿಯೇಟರ್ ಮುಚ್ಚಳ ತೆಗೆದಾಗ ಕೆಂಪು ರಾಡಿ ಕಂಡರೆ ಹೆಡ್ ಕೆಲಸವನ್ನು ಲೆಕ್ಕಕ್ಕೆ ಸೇರಿಸಿಯೇ ಬಿಡಿ. ಬೋರ್, ಅಂದರೆ ಸವೆದ ಸಿಲಿಂಡರಿನ ಒಳಗೋಡೆ ಕೊರೆದು ಅಗಲಿಸುವ ಕೆಲಸ, ಎಷ್ಟು ಸಲ ಮಾಡಿಸಿದ್ದಾರೆ ಎಂದೂ ಕೇಳಿ. ಕೊನೆಯ ಓವರ್‌ಸೈಜ್ ಮುಟ್ಟಿದ್ದರೆ ಸ್ಲೀವ್ ಹಾಕಿಸಬೇಕಾಗುತ್ತದೆ. ಇದೆಲ್ಲ ಸಾಮಾನ್ಯ ಲೇತ್ ಅಂಗಡಿಯ ಕೆಲಸ, ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತದೆ. ಎಂಜಿನ್ ವಿಷಯದಲ್ಲಿ ಈ ಕಾರಿಗೆ ಪೂರ್ಣ ಅಂಕ ಕೊಡುವುದು ಇದಕ್ಕೇ.

ಹ್ಯಾಂಡ್ ಗೇರ್ ಕಚ್ಚಿಕೊಳ್ಳುತ್ತಿಲ್ಲ ಎಂದರೆ ಗೇರ್‌ಬಾಕ್ಸೇ ಹೋಗಿದೆ ಎಂದು ಎಷ್ಟೋ ಜನ ತಿಳಿಯುತ್ತಾರೆ. ಹೆಚ್ಚಿನ ಸಲ ಸವೆದಿರುವುದು ಲಿವರಿನಿಂದ ಕೆಳಕ್ಕೆ ಹೋಗುವ ಕಡ್ಡಿಗಳ ಬುಷ್ಷು, ಅಗ್ಗದ ಕೆಲಸ. ಕೊಳ್ಳುವವರಿಗೆ ಚೌಕಾಸಿಗೆ ಒಳ್ಳೆಯ ಜಾಗ. ನಿಜವಾದ ಗೇರ್‌ಬಾಕ್ಸ್ ದೋಷ ಮೂರರಿಂದ ಎರಡಕ್ಕೆ ಇಳಿಸುವಾಗ ಗರಗರ ಎಂದು ಕೇಳಿಸುತ್ತದೆ. ಆಗುಂಬೆಯ 14 ತಿರುವುಗಳಲ್ಲಿ ಎರಡನೇ ಗೇರಿಲ್ಲದ ಡ್ರಮ್ ಬ್ರೇಕಿನ ಕಾರು ಬೇಡವೇ ಬೇಡ.

ಬ್ರೇಕಿನ ಬಗ್ಗೆ ಪರೀಕ್ಷೆ, ಚೌಕಾಸಿ ಎರಡೂ ಅನಗತ್ಯ. ನಿಂತ ಕಾರಿನ ಬ್ರೇಕ್ ಎಂದರೆ ಮಾಸ್ಟರ್ ಸಿಲಿಂಡರ್ ಕಿಟ್, ಎಲ್ಲ ವೀಲ್ ಸಿಲಿಂಡರ್ ಕಿಟ್, ರಬ್ಬರ್ ಹೋಸು, ಉಕ್ಕಿನ ಪೈಪು, ಲೈನರ್ ಎಲ್ಲ ಹೊಸದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಈ ಹವೆಯಲ್ಲಿ ಬೇಗನೇ. ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿ: ಆಟ ಇದ್ದರೆ ಕಿಂಗ್‌ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳುವ ಗೂಟ) ಬುಷ್ ಅಥವಾ ಬೇರಿಂಗ್. ಇನ್ನೊಬ್ಬರು ಬ್ರೇಕ್ ಒತ್ತಿದಾಗ ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್. ಗ್ರೀಸ್ ನಿಪ್ಪಲ್‌ಗಳು ಕೆಸರಿನಲ್ಲಿ ಮುಚ್ಚಿಹೋಗಿದ್ದರೆ ಈ ಕಾರಿಗೆ ಗ್ರೀಸ್ ಕಾಣಿಸಿ ಎಷ್ಟು ವರ್ಷವಾಯಿತೆಂದು ಅವೇ ಹೇಳುತ್ತವೆ.

ಈಗಿನ 20% ಎಥನಾಲ್ ಬೆರೆತ ಪೆಟ್ರೋಲನ್ನು ಹಳೆಯ ಪಂಪಿನ ಡಯಾಫ್ರಾಮ್, ರಬ್ಬರ್ ಪೈಪು, ಕಾರ್ಬ್ಯುರೇಟರ್ ಗ್ಯಾಸ್ಕೆಟ್ ತಾಳುವುದಿಲ್ಲ. ಎಥನಾಲ್ ತಾಳುವ ಸಾಮಾನೇ ಹಾಕಿಸಿ. ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಬಿಟ್ಟು ನಿಲ್ಲಿಸಿದರೆ ತೇವ ಹೀರಿದ ಎಥನಾಲ್ ನೀರಿನ ಜೊತೆ ಬೇರ್ಪಟ್ಟು ತಳ ಸೇರಿ ಟ್ಯಾಂಕನ್ನು ಒಳಗಿನಿಂದ ತಿನ್ನುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಬರಿದು ಮಾಡುವುದೇ ಲೇಸು.

ಬಲಗಡೆ ಸ್ಟೀರಿಂಗ್ ಎಂಬ ಲೆಕ್ಕ

ಇದು ಇಟಲಿಯ ವಿನ್ಯಾಸ, ಅಲ್ಲಿ ಸ್ಟೀರಿಂಗ್ ಎಡಗಡೆ. ಹಾಗಾಗಿ ಯುರೋಪಿನಿಂದ ಆನ್‌ಲೈನಿನಲ್ಲಿ ಫಿಯೆಟ್ 1100 ಬಿಡಿಭಾಗ ತರಿಸುವವರು ಎಚ್ಚರ ವಹಿಸಬೇಕು. ಎಂಜಿನ್ ಸಾಮಾನು ಬಹಳಷ್ಟು ಹೊಂದುತ್ತದೆ. ಸ್ಟೀರಿಂಗ್ ಬಾಕ್ಸು, ಡ್ಯಾಶ್‌ಬೋರ್ಡ್, ಪೆಡಲ್ ಜೋಡಣೆ, ವೈಪರ್ ಕಡ್ಡಿ ಹೊಂದುವುದಿಲ್ಲ. ಹೆಡ್‌ಲೈಟ್ ಗಾಜು ಕೂಡ ಹಾಗೆ: ರಸ್ತೆಯ ಬಲಕ್ಕೆ ಓಡಿಸುವ ದೇಶದ ಗಾಜು ಡಿಪ್ ಮಾಡಿದಾಗ ಬೆಳಕನ್ನು ಬಲಕ್ಕೆ ಎತ್ತುತ್ತದೆ, ನಮ್ಮ ರಸ್ತೆಯಲ್ಲಿ ಅದು ಎದುರಿನ ಬಸ್ ಚಾಲಕನ ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ನೋಡುವ ಕಾರಿನಲ್ಲಿ ಈ ಬಲಗಡೆಯ ಸಾಮಾನುಗಳು ಪೂರ್ತಿ ಇವೆಯೇ ಎಂದು ಮೊದಲು ನೋಡಿ. ಸ್ಟೀರಿಂಗ್ ಚಕ್ರದ ಅಂಚಿನಲ್ಲಿ 25 ಮಿ.ಮೀ.ಗಿಂತ ಹೆಚ್ಚು ಖಾಲಿ ಆಟ ಇದ್ದರೆ ಮೊದಲು ಟೈ ರಾಡ್ ತುದಿಗಳನ್ನು ಶಂಕಿಸಿ, ಆಮೇಲೆ ಬಾಕ್ಸನ್ನು. ಡ್ಯಾಶ್ ಮೀಟರು, ತ್ರಿಕೋನ ಗಾಜಿನ ಚಿಲಕ, ಬಾಗಿಲ ಹಿಡಿ, ಹಿಂದಿನ ಲೈಟಿನ ಗಾಜು, ಕ್ರೋಮ್ ಪಟ್ಟಿ, ಇವು ಕಾಣೆಯಾಗಿದ್ದರೆ ಒಂದೊಂದನ್ನೂ ಬರೆದುಕೊಳ್ಳಿ. ಎಂಜಿನ್ ಬೋರ್ ಮಾಡಿಸುವುದಕ್ಕಿಂತ ಡಿಲೈಟ್ ಕಾಲದ ಒಂದು ಸರಿಯಾದ ಮೀಟರ್ ಹುಡುಕುವುದು ಕಷ್ಟ.

ಎಸ್ಟೇಟುಗಳ ಕಡೆ ಯುದ್ಧಕಾಲದ ಎಡಗಡೆ ಸ್ಟೀರಿಂಗ್ ಜೀಪುಗಳೂ ಸಿಗುತ್ತವೆ. ಅವು ಹಾಗೇ ಇದ್ದರೆ ಬೆಲೆ. ಬಲಕ್ಕೆ ತಿರುಗಿಸಿದ್ದರೆ ಬೆಲೆ ಇಳಿಯಬೇಕು.

ಕಾಗದಪತ್ರ

ತಗಡಿನಷ್ಟೇ ಹೊತ್ತು ಇದಕ್ಕೂ ಕೊಡಿ. ಆರ್‌ಸಿಯಲ್ಲಿರುವ ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ ಎರಡನ್ನೂ ಪೆನ್ಸಿಲ್ ಪ್ರಿಂಟ್ ತೆಗೆದು ಹೋಲಿಸಿ. ಎಂಜಿನ್ ಬದಲಾಗಿದ್ದು ಆರ್‌ಸಿಯಲ್ಲಿ ನಮೂದಾಗದಿದ್ದರೆ ಸರಿಪಡಿಸುವ ದಾರಿ ಇದೆ. ಚಾಸಿಸ್ ಸಂಖ್ಯೆ ಅಳಿಸಿದ್ದರೆ, ಆ ಜಾಗಕ್ಕೆ ಹೊಸ ತಗಡು ಹಾಕಿದ್ದರೆ, ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಇಂಧನದ ಕಾಲಂ ಕೂಡ ಓದಿ. ಪೆಟ್ರೋಲ್ ಎಂದಿದ್ದು ಒಳಗೆ ಬೇರೆ ಡೀಸೆಲ್ ಎಂಜಿನ್ ಕೂತಿರಬಹುದು.

ಮಲೆನಾಡಿನ ಕೂಡುಕುಟುಂಬಗಳಲ್ಲಿ ಕಾರು ಇನ್ನೂ ಅಜ್ಜನ ಹೆಸರಿನಲ್ಲೇ ಇರುತ್ತದೆ. ಅಜ್ಜ ತೀರಿಕೊಂಡಿದ್ದರೆ ಮೊಮ್ಮಗ ಮಾರಲಾರ. ಮರಣ ಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಜೊತೆ ಫಾರಂ 31ರಲ್ಲಿ ಮೊದಲು ಒಬ್ಬರ ಹೆಸರಿಗೆ ಬರಬೇಕು, ಆಮೇಲೆ ಫಾರಂ 29 ಮತ್ತು 30ರಲ್ಲಿ ನಿಮ್ಮ ಹೆಸರಿಗೆ. ಆರ್‌ಸಿ ಕಳೆದಿದ್ದರೆ ಫಾರಂ 26. ಬೇರೆ ರಾಜ್ಯದ ನಂಬರಾದರೆ ಫಾರಂ 28ರ ಎನ್‌ಒಸಿ. ಮೂರಕ್ಷರದ ಹಳೆಯ ನಂಬರಿನ ದಾಖಲೆ ಎಷ್ಟೋ ಸಲ ಸರ್ಕಾರದ ಆನ್‌ಲೈನ್ ದಾಖಲೆಯಾದ ವಾಹನ್ ಪೋರ್ಟಲ್‌ಗೆ ಏರಿರುವುದಿಲ್ಲ. ಶಿವಮೊಗ್ಗವೋ ಸಾಗರವೋ, ಸಂಬಂಧಪಟ್ಟ ಆರ್‌ಟಿಒದಲ್ಲಿ ಮೂಲ ರಿಜಿಸ್ಟರ್ ನೋಡಿಸಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಇದು ಆಗುತ್ತದೆಯೇ ಎಂದು ಹಣ ಕೊಡುವ ಮೊದಲೇ ವಿಚಾರಿಸಿ.

ಅವಧಿ ಮುಗಿದ ಆರ್‌ಸಿ ಇನ್ನೊಂದು ತೊಡಕು. ನವೀಕರಣ ಫಾರಂ 25ರಲ್ಲಿ, ಐದು ವರ್ಷಕ್ಕೆ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ ಶುಲ್ಕ 10,000 ರೂಪಾಯಿ, ತಡಕ್ಕೆ ತಿಂಗಳಿಗೆ 500, ಜೊತೆಗೆ ಹಸಿರು ತೆರಿಗೆ. ಗಾಡಿಯನ್ನು ಇನ್ಸ್‌ಪೆಕ್ಟರ್ ಮುಂದೆ ನಿಲ್ಲಿಸಬೇಕು, ಅಂದರೆ ಅದು ಓಡುವ ಸ್ಥಿತಿಗೆ ಬಂದಿರಬೇಕು. ದುರಸ್ತಿ ಮುಗಿಯುವವರೆಗೆ ಕಾರು ಮಾರಿದವರ ಹೆಸರಿನಲ್ಲೇ ಉಳಿಯುವುದರಿಂದ ಛಾಪಾ ಕಾಗದದಲ್ಲಿ ಕರಾರು ಬರೆಸಿ, ಒಂದಷ್ಟು ಹಣವನ್ನು ಹೆಸರು ಬದಲಾದ ದಿನಕ್ಕೆ ಉಳಿಸಿಕೊಳ್ಳಿ.

‘ವಿಂಟೇಜ್’ ಎಂದು ಹೇಳಿ ಬೆಲೆ ಏರಿಸಿದರೆ ವರ್ಷ ನೋಡಿ. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ವಾಹನಕ್ಕಷ್ಟೇ ಆ ಹೆಸರು. ಹೊಸ ವಿಂಟೇಜ್ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ, ಮರುನೋಂದಣಿಗೆ 5,000. ಮೊದಲೇ ನೋಂದಣಿಯಾದ ಕಾರು ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ಎಂದು ನೋಂದಾಯಿಸಿದ ಮೇಲೆ ದಿನಬಳಕೆಗಿಲ್ಲ: ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ದುರಸ್ತಿ ಇಷ್ಟಕ್ಕೇ. ವಾರಕ್ಕೊಮ್ಮೆ ಪೇಟೆಗೆ ಓಡಿಸುವ ಆಸೆ ಇದ್ದರೆ ಸಾಮಾನ್ಯ ನವೀಕರಣವೇ ಸರಿ. ಡಿಲೈಟ್, ಪ್ರೆಸಿಡೆಂಟ್‌ಗಳಿಗೆ 50 ತುಂಬಿದೆ. ಎಂಬತ್ತು, ತೊಂಬತ್ತರ ದಶಕದ ಪದ್ಮಿನಿಗೆ ವಿಂಟೇಜ್ ಬೆಲೆ ಕೊಡಬೇಕಾಗಿಲ್ಲ.

ಬೆಲೆ ಕಟ್ಟುವುದು

ಕಳೆಯುವ ಲೆಕ್ಕ ಮಾಡಿ, ಕೂಡುವ ಲೆಕ್ಕ ಬೇಡ. ಅದೇ ಮಾದರಿ, ಅದೇ ವರ್ಷದ, ಕೆಲಸ ಮುಗಿದ ಕಾರು ಏನು ಬೆಲೆಗೆ ಕೈಬದಲಾಗುತ್ತಿದೆ ಎಂದು ಮೂರು ನಾಲ್ಕು ಕಡೆ ವಿಚಾರಿಸಿ. ಜಾಹೀರಾತಿನಲ್ಲಿ ಕೇಳುವ ಬೆಲೆ ಲೆಕ್ಕಕ್ಕಿಲ್ಲ. ಬರಿಯ ಉದಾಹರಣೆಗೆ ಅದು 4,00,000 ಎಂದಿಟ್ಟುಕೊಳ್ಳಿ. ಎಂಜಿನ್ 60,000, ಬ್ರೇಕು ಟಯರು ವೈರಿಂಗ್ 55,000, ಸೀಟು ಕ್ರೋಮ್ ರಬ್ಬರ್ 50,000, ಕಾಗದಪತ್ರ 20,000. ತಗಡು ಗಟ್ಟಿ ಇದ್ದು ಟಿಂಕರಿಂಗ್, ಪೇಂಟ್ ಸೇರಿ 70,000 ಆದರೆ ಒಟ್ಟು 2,55,000. ಬಿಚ್ಚಿದ ಮೇಲೆ ಕಾಣುವ ಕೆಲಸಕ್ಕೆ ಶೇ. 20 ಸೇರಿಸಿದರೆ 3,06,000. ಉಳಿಯುವ 94,000 ನೀವು ಕೊಡಬಹುದಾದ ಗರಿಷ್ಠ ಬೆಲೆ. ಅದೇ ಕಾರಿನ ಸಿಲ್, ನೆಲ ಕೊಳೆತು ಟಿಂಕರಿಂಗ್, ಪೇಂಟ್ 1,60,000ಕ್ಕೆ ಏರಿದರೆ ಶೇ. 20 ಸೇರಿ 4,14,000, ಅಂದರೆ ಪುಕ್ಕಟೆ ಕೊಟ್ಟರೂ 14,000 ನಷ್ಟ. ಎಂಜಿನ್ ಓಡುತ್ತಿದೆಯೋ ಇಲ್ಲವೋ ಎಂಬುದು ಈ ಲೆಕ್ಕವನ್ನು ಶೇ. 20 ಸೇರಿಯೂ 72,000ಕ್ಕಿಂತ ಹೆಚ್ಚು ಅಲುಗಿಸುವುದಿಲ್ಲ. ತಗಡು ಲಕ್ಷ ದಾಟಿ ಅಲುಗಿಸುತ್ತದೆ.

ಕೆಳಗಿನ ಮಿತಿ ಗುಜರಿ ಬೆಲೆ. 900 ಕಿಲೋದಲ್ಲಿ ಗಾಜು, ಸೀಟು, ರಬ್ಬರ್ ಕಳೆದು ಉಳಿದ ಕಬ್ಬಿಣಕ್ಕೆ ಅಂದಿನ ದರ ಕಟ್ಟಿದರೆ ಅದಕ್ಕಿಂತ ಕಡಿಮೆಗೆ ಯಾರೂ ಕೊಡರು, ಕೇಳುವುದೂ ಮರ್ಯಾದೆಯಲ್ಲ. ಹೊಸದಾಗಿ ಬಣ್ಣ ಹೊಡೆಸಿ ಮಾರಾಟಕ್ಕಿಟ್ಟ ಕಾರಿಗಿಂತ ಧೂಳು ಹಿಡಿದ, ಹಳೆ ಬಣ್ಣದ, ಯಾವ ಸಾಮಾನೂ ಕಳೆಯದ ಕಾರಿಗೆ ಹೆಚ್ಚು ಕೊಡಿ. ಅದರಲ್ಲಿ ಏನೂ ಮುಚ್ಚಿಟ್ಟಿಲ್ಲ.

ಅಂಬಾಸಿಡರ್ ಜೊತೆ ಹೋಲಿಸುವವರಿಗೆ: ಅದರ 1489 ಸಿಸಿ ಎಂಜಿನ್, ದಪ್ಪ ತಗಡು ಮಣ್ಣು ರಸ್ತೆಗೆ ಹೆಚ್ಚು ತಾಳುತ್ತವೆ, ಬಿಡಿಭಾಗವೂ ಸುಲಭ. ಫಿಯೆಟ್ ಹಗುರ, ತಿರುವುಗಳಲ್ಲಿ ಚುರುಕು, ಸಣ್ಣ ಶೆಡ್ಡಿಗೂ ಹಿಡಿಯುತ್ತದೆ.

ಯಾವಾಗ ತರುವುದು

ಕಾರು ನೋಡಲು ಮಳೆಗಾಲವೇ ಒಳ್ಳೆಯದು, ಎಲ್ಲಿ ಸೋರುತ್ತದೆಂದು ಕಾರ್ಪೆಟ್ಟೇ ತೋರಿಸುತ್ತದೆ. ತೋಟದ ದಾರಿಯಿಂದ ಸಾಗಿಸುವುದು ಮಾತ್ರ ಮಳೆ ಬಿಟ್ಟ ಮೇಲೆ, ಮುಂದಿನ ಜೂನಿನ ಮಿರ್ಗಿ (ಮೃಗಶಿರಾ) ಮಳೆ ಹಿಡಿಯುವ ಮೊದಲು ಮುಗಿಯಬೇಕು, ಆಮೇಲೆ ಕ್ಯಾರಿಯರ್ ಲಾರಿ ಒಳಗೆ ಬರುವುದಿಲ್ಲ. ಎಳೆಯುವ ಮುನ್ನ ಅಂಟಿದ ಬ್ರೇಕ್ ಡ್ರಮ್‌ಗಳನ್ನು ಬಿಡಿಸಿ, ಓಡುವ ನಾಲ್ಕು ಚಕ್ರ ಎರವಲು ತಂದು ಹಾಕಿ. ಮೂಲ ಅಳತೆ 5.20-14. ಹಗ್ಗವನ್ನು ಬಂಪರಿಗೆ ಕಟ್ಟಬೇಡಿ, ಮುಂದಿನ ಕ್ರಾಸ್ ಮೆಂಬರಿಗೆ ಕಟ್ಟಿ.

ಟಿಂಕರಿಂಗ್, ಪೇಂಟ್ ಎರಡೂ ನವೆಂಬರಿನಿಂದ ಮೇ ಒಳಗೆ. ತೇವದ ಗಾಳಿಯಲ್ಲಿ ಹೊಡೆದ ಬಣ್ಣ ಮಂಕಾಗಿ ಬೆಳ್ಳಗೆ ಮಾಸುತ್ತದೆ. ಕೆಲಸ ಅರ್ಧಕ್ಕೆ ನಿಂತು ಮಳೆ ಬಂತೆಂದರೆ ಬೂದು ಪ್ರೈಮರ್ ಹೊಡೆದ ಕಾರನ್ನು ಹೊರಗೆ ಬಿಡಲೇಬಾರದು. ಪ್ರೈಮರ್ ನೀರು ಹೀರುತ್ತದೆ, ಅದರಡಿಯಲ್ಲಿ ತುಕ್ಕು ಹಬ್ಬಿ, ಬಣ್ಣ ಹೊಡೆದ ಮರುವರ್ಷ ಗುಳ್ಳೆಯಾಗಿ ಏಳುತ್ತದೆ. ಎಪಾಕ್ಸಿ ಪ್ರೈಮರ್ ಹೊಡೆಸಿ, ಗಾರೆ ನೆಲದ ಒಣ ಶೆಡ್ಡಿನಲ್ಲಿ, ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆಯ ಬದಲು ಹತ್ತಿ ಬಟ್ಟೆ ಹೊದಿಸಿ ನಿಲ್ಲಿಸಿ.